ಅಮೆರಿಕದ ಕೌಂಟಿಯಿಂದ ವಿಚ್ಛೇದನದ ದಾಖಲೆ: ಯಾವ ಕಾಗದ, ಯಾರ ಬಳಿ, ಯಾವ ದಾರಿ

ನನ್ನ ಚಿಕ್ಕಮ್ಮನ ಮಗಳು ಟೆಕ್ಸಾಸ್‌ನಲ್ಲಿ ವಿಚ್ಛೇದನ ಪಡೆದು ಊರಿಗೆ ಮರಳಿದವಳು. ಎರಡನೆಯ ಮದುವೆಯ ನೋಂದಣಿಗೆಂದು ಉಪನೋಂದಣಾಧಿಕಾರಿಗಳ ಕಚೇರಿಗೆ ಹೋದಾಗ ಅವಳ ಕೈಯಲ್ಲಿದ್ದದ್ದು ಒಂದೇ ಹಾಳೆ. ಆಸ್ಟಿನ್ ನಗರದಲ್ಲಿರುವ ರಾಜ್ಯ ಆರೋಗ್ಯ ಇಲಾಖೆಗೆ 20 ಡಾಲರ್ ಕಟ್ಟಿ ತರಿಸಿದ ಪತ್ರ ಅದು. ಮೇಜಿನ ಆಚೆ ಕುಳಿತಿದ್ದ ಗುಮಾಸ್ತರು ಅದನ್ನು ಎರಡು ಸಲ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಪತ್ರ ಅಷ್ಟೇ ಅಮ್ಮಾ, ಕೋರ್ಟಿನ ಡಿಕ್ರಿ ಎಲ್ಲಿ?" ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ವಿಚ್ಛೇದನದ ನೋಂದಣಿ ಆಗಿದೆ ಎಂದಷ್ಟೇ ಹೇಳುವ ಅಂಥ ಪತ್ರ, ಕೋರ್ಟಿನ ಕಚೇರಿ ಮೊಹರು ಹಾಕಿ ಕೊಡುವ ಡಿಕ್ರಿಯ ದೃಢೀಕೃತ ಪ್ರತಿಗೆ ಬದಲಿಯಾಗದು. ಮದುವೆಯ ದಿನವನ್ನು ಎರಡು ತಿಂಗಳು ಮುಂದೂಡಬೇಕಾಯಿತು.

ಆಮೇಲೆ ಬಂಧುಬಳಗದಲ್ಲಿ, ಪರಿಚಯದವರಲ್ಲಿ ಹಲವರಿಗೆ ಈ ದಾಖಲೆ ತರಿಸಿಕೊಳ್ಳಲು ನೆರವಾಗಿದ್ದೇನೆ. ಎಲ್ಲರೂ ಮೊದಲು ಕೇಳುವುದು "ಎಲ್ಲಿ ಅರ್ಜಿ ಹಾಕಬೇಕು?" ಎಂದು. ಅದಕ್ಕಿಂತ ಮೊದಲು "ನನಗೆ ಯಾವ ಕಾಗದ ಬೇಕು?" ಎಂದು ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೂರು ಕಾಗದ, ಮೂರು ಬೆಲೆ

ಅಮೆರಿಕದಲ್ಲಿ ಒಂದು ವಿಚ್ಛೇದನ ಮೂರು ಬಗೆಯ ಕಾಗದಗಳನ್ನು ಬಿಟ್ಟುಹೋಗಿರುತ್ತದೆ. ಪ್ರಮಾಣಪತ್ರ ಒಂದು. ಜನನ ಮರಣಗಳನ್ನು ದಾಖಲಿಸುವ ರಾಜ್ಯದ ಆರೋಗ್ಯ ಇಲಾಖೆ ಕೊಡುವ ಇದರಲ್ಲಿ ಇಬ್ಬರ ಹೆಸರು, ದಿನಾಂಕ, ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ), ಹೆಚ್ಚೆಂದರೆ ಪ್ರಕರಣದ ಸಂಖ್ಯೆ ಇರುತ್ತದೆ. ಇನ್ನೊಂದು ಡಿಕ್ರಿ, ನ್ಯಾಯಾಧೀಶರು ಸಹಿ ಮಾಡಿದ ಅಂತಿಮ ತೀರ್ಪು. ಮಕ್ಕಳು ಯಾರ ಬಳಿ ಇರಬೇಕು, ಮನೆ ಯಾರ ಪಾಲಿಗೆ, ಜೀವನಾಂಶ ಎಷ್ಟು, ಮದುವೆಗೆ ಮುಂಚಿನ ಹೆಸರನ್ನು ಮರಳಿ ಇಟ್ಟುಕೊಳ್ಳಲು ಅನುಮತಿ ಸಿಕ್ಕಿದೆಯೇ, ಎಲ್ಲವೂ ಅದರಲ್ಲಿರುತ್ತದೆ. ಮೂರನೆಯದು ಇಡೀ ಕಡತ: ಮೊದಲ ಅರ್ಜಿ, ಸಮನ್ಸ್ ಜಾರಿಯಾದ ದಾಖಲೆ, ಮಧ್ಯಂತರ ಆದೇಶಗಳು, ಆದಾಯದ ಪಟ್ಟಿ.

ಹೆಸರುಗಳ ಗೊಂದಲವೊಂದಿದೆ. ಕ್ಯಾಲಿಫೋರ್ನಿಯದಲ್ಲಿ "ಡಿಕ್ರಿ" ಎಂಬ ಶೀರ್ಷಿಕೆಯ ಕಾಗದವನ್ನು ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಅದಕ್ಕೆ "ಜಡ್ಜ್‌ಮೆಂಟ್" ಎನ್ನುತ್ತಾರೆ, ನಮೂನೆಯ ಸಂಖ್ಯೆ ಎಫ್ಎಲ್-180. ಆಸ್ತಿಯ ವ್ಯಾಜ್ಯ ಎಳೆದಾಡುತ್ತಿದ್ದಾಗ ವೈವಾಹಿಕ ಸ್ಥಾನವನ್ನಷ್ಟೇ ಕೊನೆಗಾಣಿಸುವ ತೀರ್ಪು ಮೊದಲು ಬಂದು, ಉಳಿದ ವಿಷಯಗಳ ತೀರ್ಪು ವರ್ಷದ ನಂತರ ಬರುವುದೂ ಉಂಟು. ಮರುಮದುವೆಗೆ ಬೇಕಾದದ್ದು ಮೊದಲಿನದು. ಎಫ್ಎಲ್-180ರಲ್ಲಿ ವೈವಾಹಿಕ ಸ್ಥಾನ ಕೊನೆಗೊಳ್ಳುವ ದಿನಾಂಕವನ್ನು ಬೇರೆಯಾಗಿಯೇ ಬರೆದಿರುತ್ತಾರೆ; ಸಹಿಯ ದಿನಾಂಕವೂ ಅದೂ ಒಂದೇ ಎಂದು ಭಾವಿಸಬೇಡಿ.

ಯಾವ ಕೆಲಸಕ್ಕೆ ಯಾವುದು? ಮರುಮದುವೆಯ ನಂತರ ಸಂಗಾತಿಗಾಗಿ ಗ್ರೀನ್ ಕಾರ್ಡ್ ಅರ್ಜಿ ಹಾಕುವಾಗ ಹಿಂದಿನ ಮದುವೆ ಮುಗಿದಿದೆ ಎಂಬುದಕ್ಕೆ ಡಿಕ್ರಿಯ ಸ್ಪಷ್ಟವಾದ ಜೆರಾಕ್ಸ್ ಪ್ರತಿ ಸಾಮಾನ್ಯವಾಗಿ ಸಾಕು. ಅದಕ್ಕೆ ದುಡ್ಡು ಸುರಿದು ಮೊಹರಿನ ಪ್ರತಿ ತರಿಸುವ ಅಗತ್ಯವಿಲ್ಲ. ಸೋಷಿಯಲ್ ಸೆಕ್ಯುರಿಟಿ ಕಚೇರಿ ಹಾಗಲ್ಲ. ಕನಿಷ್ಠ 10 ವರ್ಷ ದಾಂಪತ್ಯ ನಡೆಸಿ ಬೇರೆಯಾದವರು ಮಾಜಿ ಸಂಗಾತಿಯ ಲೆಕ್ಕದ ಮೇಲೆ ಪಿಂಚಣಿ ಕೇಳಬಹುದು, ಆದರೆ ಅಲ್ಲಿ ಜೆರಾಕ್ಸ್ ನಡೆಯುವುದಿಲ್ಲ. ಮೂಲ ಪ್ರತಿ ಅಥವಾ ಕೊಟ್ಟ ಕಚೇರಿಯೇ ದೃಢೀಕರಿಸಿದ ಪ್ರತಿ ಬೇಕು. ಭಾರತದಲ್ಲಿ ಮದುವೆ ನೋಂದಣಿಗೆ, ಕೋರ್ಟಿಗೆ, ಆಸ್ತಿ ವ್ಯವಹಾರಕ್ಕೆ ಬೇಕಾದದ್ದು ದೃಢೀಕೃತ ಡಿಕ್ರಿಯೇ. ಎರಡರಲ್ಲಿ ಒಂದನ್ನು ಮಾತ್ರ ತರಿಸುವುದಾದರೆ ನಾನು ಯಾವಾಗಲೂ ಕೌಂಟಿಯ ದೃಢೀಕೃತ ಡಿಕ್ರಿಯನ್ನೇ ಆರಿಸುತ್ತೇನೆ. ಪ್ರಮಾಣಪತ್ರ ಮಾಡುವ ಕೆಲಸವನ್ನು ಡಿಕ್ರಿ ಮಾಡುತ್ತದೆ. ಡಿಕ್ರಿಯ ಕೆಲಸ ಪ್ರಮಾಣಪತ್ರದಿಂದ ಆಗುವುದಿಲ್ಲ.

ಆದರೂ ಪ್ರಮಾಣಪತ್ರವನ್ನೇ ಮುಂದಿಡಬೇಕಾದ ಸಂದರ್ಭವೂ ಇದೆ. ಡಿಕ್ರಿಯಲ್ಲಿ ಮಕ್ಕಳ ವಿವರ, ಮನೆಯ ವಿಳಾಸ, ಹಣದ ಹಂಚಿಕೆ ಎಲ್ಲವೂ ಬಯಲಾಗಿರುತ್ತದೆ. ಬಾಡಿಗೆ ಮನೆಯ ಮಾಲೀಕರಿಗೋ ಉದ್ಯೋಗದಾತರಿಗೋ ಇದನ್ನೆಲ್ಲ ಓದಿಸುವ ಅಗತ್ಯ ಏನಿದೆ? ಒಂದು ಪುಟದ ಪ್ರಮಾಣಪತ್ರ ಸಾಕೆಂದರೆ ಅದನ್ನೇ ಕೊಡಿ.

ಯಾವ ಕೌಂಟಿ?

ಅಮೆರಿಕದಲ್ಲಿ ವಿಚ್ಛೇದನ ರಾಜ್ಯದ ಕಾನೂನಿಗೆ ಸೇರಿದ್ದು. ವಾಷಿಂಗ್ಟನ್ನಿನ ಫೆಡರಲ್ ಸರ್ಕಾರದ ಬಳಿ ಇದರ ದಾಖಲೆ ಇಲ್ಲ. ಫೆಡರಲ್ ಕೋರ್ಟುಗಳ ಪೇಸರ್ ಜಾಲತಾಣದಲ್ಲಿ ತಡಕಾಡಿದರೂ ಸಿಗುವುದಿಲ್ಲ. ದಾಖಲೆ ಇರುವುದು ವಿಚ್ಛೇದನದ ಪ್ರಕರಣ ನಡೆದ ಕೌಂಟಿಯಲ್ಲಿ. ಮದುವೆಯಾದ ಕೌಂಟಿಯಲ್ಲಿ ಅಲ್ಲ, ಈಗ ವಾಸವಿರುವ ಕೌಂಟಿಯಲ್ಲೂ ಅಲ್ಲ.

ಇಲ್ಲಿಯೇ ನಮ್ಮವರು ಹೆಚ್ಚು ಎಡವುವುದು. ನನ್ನ ತಂಗಿ "ಡಲ್ಲಾಸ್‌ನಲ್ಲಿ ಡೈವರ್ಸ್ ಆಯಿತು" ಎನ್ನುತ್ತಿದ್ದಳು. ಡಲ್ಲಾಸ್ ಕೌಂಟಿಯಲ್ಲಿ ಹುಡುಕಿಸಿದೆವು, ಹೆಸರೇ ಇಲ್ಲ. ವಿಚಾರಿಸಿದರೆ ಅವರ ಮನೆ ಇದ್ದದ್ದು ಪ್ಲೇನೋದಲ್ಲಿ. ಪ್ಲೇನೋದ ಬಹುಭಾಗ ಕಾಲಿನ್ ಕೌಂಟಿಗೆ ಸೇರುತ್ತದೆ, ಅದರ ಕೋರ್ಟು ಮಕಿನಿ ಎಂಬ ಊರಿನಲ್ಲಿದೆ. ಬೆಂಗಳೂರಿನವರು ಎಂದು ಹೇಳಿಕೊಳ್ಳುವ ಹೊಸಕೋಟೆಯವರ ದಾಖಲೆಯನ್ನು ಬೆಂಗಳೂರು ನಗರ ಜಿಲ್ಲೆಯಲ್ಲಿ ಹುಡುಕಿದ ಹಾಗಾಗಿತ್ತು ನಮ್ಮ ಕೆಲಸ. ಆದ್ದರಿಂದ ಊರಿನ ಹೆಸರು ಬೇಡ, ಪ್ರಕರಣ ದಾಖಲಾದ ಸಮಯದ ಮನೆಯ ವಿಳಾಸ ಹಿಡಿದು ಕೌಂಟಿಯನ್ನು ಕಂಡುಕೊಳ್ಳಿ. ಹಳೆಯ ವಕೀಲರ ಬಿಲ್ಲು, ಕೋರ್ಟಿನಿಂದ ಬಂದ ಯಾವುದೇ ಲಕೋಟೆ ಸಿಕ್ಕರೆ ಇನ್ನೂ ಒಳ್ಳೆಯದು. ಅದರ ಮೇಲೆ ಪ್ರಕರಣದ ಸಂಖ್ಯೆ ಇರುತ್ತದೆ. ಲೂಯಿಸಿಯಾನದಲ್ಲಿ ಕೌಂಟಿಯ ಬದಲು ಪ್ಯಾರಿಷ್‌ಗಳಿವೆ, ಅಲಾಸ್ಕದಲ್ಲಿ ಬರೋಗಳಿವೆ. ಕನೆಕ್ಟಿಕಟ್‌ನಲ್ಲಿ ಕೌಂಟಿ ಆಡಳಿತವೇ ಇಲ್ಲ, ಅಲ್ಲಿ ನ್ಯಾಯಾಂಗ ಜಿಲ್ಲೆಯನ್ನು ನೋಡಬೇಕು.

ರಾಜ್ಯದ ಇಲಾಖೆಯೋ ಕೌಂಟಿಯ ಕ್ಲರ್ಕೋ

ಕನ್ನಡಿಗರು ಹೆಚ್ಚಾಗಿರುವ ಕೆಲವು ರಾಜ್ಯಗಳನ್ನು ತೆಗೆದುಕೊಳ್ಳೋಣ.

ಟೆಕ್ಸಾಸ್‌ನಲ್ಲಿ 254 ಕೌಂಟಿಗಳಿವೆ. ಹೆಚ್ಚಿನ ಕೌಂಟಿಗಳಲ್ಲಿ ಕೌಂಟಿ ಕ್ಲರ್ಕ್ ಬೇರೆ, ಡಿಸ್ಟ್ರಿಕ್ಟ್ ಕ್ಲರ್ಕ್ ಬೇರೆ. ಮದುವೆಯ ಪರವಾನಗಿ ಕೌಂಟಿ ಕ್ಲರ್ಕ್ ಬಳಿ, ವಿಚ್ಛೇದನದ ಡಿಕ್ರಿ ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿ. ರಾಜ್ಯದ ಇಲಾಖೆ 1968ರಿಂದ ಈಚಿನ ವಿಚ್ಛೇದನಗಳಿಗೆ ದೃಢೀಕರಣ ಪತ್ರ ಮಾತ್ರ ಕೊಡುತ್ತದೆ. ನನ್ನ ತಂಗಿಯ ಕೈಯಲ್ಲಿದ್ದದ್ದು ಅದೇ. ಆ ಪತ್ರಕ್ಕೆ ಒಂದು ಉಪಯೋಗವಿದೆ: ಯಾವ ಕೌಂಟಿ ಎಂಬುದು ಯಾರಿಗೂ ನೆನಪಿಲ್ಲದಿದ್ದರೆ ಅದನ್ನು ಪತ್ತೆಮಾಡಲು ನೆರವಾಗುತ್ತದೆ.

ಕ್ಯಾಲಿಫೋರ್ನಿಯದಲ್ಲಿ 58 ಕೌಂಟಿ, ಪ್ರತಿಯೊಂದಕ್ಕೂ ಒಂದು ಸುಪೀರಿಯರ್ ಕೋರ್ಟ್. ಅಲ್ಲಿ ರಾಜ್ಯದ ಇಲಾಖೆಯನ್ನು ಮರೆತುಬಿಡಿ ಎಂದೇ ಹೇಳುತ್ತೇನೆ. ಅವರ ಬಳಿ ಇರುವುದು 1962ರಿಂದ 1984ರ ಜೂನ್‌ವರೆಗಿನ ವಿಚ್ಛೇದನಗಳ ಪಟ್ಟಿ ಮಾತ್ರ. ಅದಕ್ಕೂ ಆರು ತಿಂಗಳಿಗಿಂತ ಹೆಚ್ಚು ಕಾಯಬೇಕಾಗಬಹುದು. ಸ್ಯಾಂಟಾ ಕ್ಲಾರಾ ಕೌಂಟಿಯವರಾದರೆ ಸ್ಯಾನ್ ಹೋಸೆಯ ನಾರ್ತ್ ಫಸ್ಟ್ ಸ್ಟ್ರೀಟ್‌ನಲ್ಲಿರುವ ಕುಟುಂಬ ನ್ಯಾಯಾಲಯಕ್ಕೆ ಹೋಗಬೇಕು. ವಿಚ್ಛೇದನ ತೀರ್ಪಿನ ದೃಢೀಕೃತ ಪ್ರತಿಗೆ 15 ಡಾಲರ್, ಬರಿಯ ನಕಲಿಗೆ ಪುಟಕ್ಕೆ 50 ಸೆಂಟ್ ಎಂಬುದು ಕ್ಯಾಲಿಫೋರ್ನಿಯದ ದರ. ದರಗಳು ಆಗಾಗ ಬದಲಾಗುವುದರಿಂದ ಚೆಕ್ ಬರೆಯುವ ಮುಂಚೆ ಕೋರ್ಟಿನ ಜಾಲತಾಣದಲ್ಲಿ ಒಮ್ಮೆ ನೋಡಿ.

ನ್ಯೂಯಾರ್ಕ್ ಎಲ್ಲಕ್ಕಿಂತ ಬಿಗಿ. ಅಲ್ಲಿ ವಿಚ್ಛೇದನ ಕೊಡುವುದು "ಸುಪ್ರೀಂ ಕೋರ್ಟ್". ಹೆಸರು ಕೇಳಿ ಬೆಚ್ಚಬೇಡಿ, ಆ ರಾಜ್ಯದಲ್ಲಿ ಅದು ವಿಚಾರಣಾ ನ್ಯಾಯಾಲಯ. ಕಡತ ಇರುವುದು ಕೌಂಟಿ ಕ್ಲರ್ಕ್ ಬಳಿ. ಮ್ಯಾನ್‌ಹಾಟನ್ನಿನದು 60 ಸೆಂಟರ್ ಸ್ಟ್ರೀಟ್‌ನಲ್ಲಿ. ಅಲ್ಲಿನ ಕಾನೂನಿನಂತೆ ವಿಚ್ಛೇದನದ ಕಡತ 100 ವರ್ಷಗಳ ಕಾಲ ಮುಚ್ಚಿಟ್ಟ ದಾಖಲೆ. ಗಂಡ, ಹೆಂಡತಿ, ಅವರ ವಕೀಲರು, ಇಷ್ಟು ಜನರಿಗೆ ಬಿಟ್ಟರೆ ಕೋರ್ಟಿನ ಆದೇಶವಿಲ್ಲದೆ ಬೇರೆ ಯಾರಿಗೂ ತೋರಿಸುವುದಿಲ್ಲ. ರಾಜ್ಯದ ಆರೋಗ್ಯ ಇಲಾಖೆ 1963ರ ಜನವರಿಯಿಂದ ಈಚಿನ ಪ್ರಮಾಣಪತ್ರಗಳನ್ನು 30 ಡಾಲರ್ ಶುಲ್ಕಕ್ಕೆ ಕೊಡುತ್ತದೆ.

ನ್ಯೂಜೆರ್ಸಿಯಲ್ಲಿ ಎಡಿಸನ್‌ನಂಥ ಊರುಗಳಲ್ಲಿ ಇರುವವರಿಗೆ ಅನುಕೂಲವೊಂದಿದೆ: ಡಿಕ್ರಿಯ ಪ್ರತಿಗಾಗಿ ಟ್ರೆಂಟನ್‌ನಲ್ಲಿರುವ ಸುಪೀರಿಯರ್ ಕೋರ್ಟ್ ಕ್ಲರ್ಕ್ ಕಚೇರಿಗೇ ಬರೆಯಬಹುದು. ವಾಷಿಂಗ್ಟನ್ ರಾಜ್ಯದ ಇಲಾಖೆಯಲ್ಲಿ 1968ರಿಂದ ಈಚಿನ ಪ್ರಮಾಣಪತ್ರಗಳಿವೆ, ಡಿಕ್ರಿ ಮಾತ್ರ ಕೌಂಟಿಯ ಸುಪೀರಿಯರ್ ಕೋರ್ಟ್ ಕ್ಲರ್ಕ್ ಬಳಿ. ಇಲಿನಾಯ್‌ನಲ್ಲಿ ಸರ್ಕ್ಯೂಟ್ ಕ್ಲರ್ಕ್. ಪೆನ್ಸಿಲ್ವೇನಿಯದ ಹೆಚ್ಚಿನ ಕೌಂಟಿಗಳಲ್ಲಿ ಆ ಹುದ್ದೆಯ ಹೆಸರು ಪ್ರೊಥೊನೊಟರಿ. ಫಲಕ ನೋಡಿ ಬೇರೆ ಯಾವುದೋ ಕಚೇರಿ ಎಂದುಕೊಂಡು ಹಿಂದಿರುಗಬೇಡಿ.

ಹೆಸರಿನ ತೊಡಕು

ಕ್ಲರ್ಕ್ ಕೇಳುವುದು ಮೂರೇ ವಿಷಯ: ಇಬ್ಬರ ಹೆಸರು, ವರ್ಷ, ಪ್ರಕರಣದ ಸಂಖ್ಯೆ. ಸಂಖ್ಯೆ ಇದ್ದರೆ ಐದು ನಿಮಿಷದ ಕೆಲಸ. ಇಲ್ಲದಿದ್ದರೆ ಹೆಸರಿನಿಂದ ಹುಡುಕಬೇಕು, ಮತ್ತು ಕನ್ನಡದ ಹೆಸರುಗಳು ಅಮೆರಿಕದ ಪಟ್ಟಿಯಲ್ಲಿ ಎಲ್ಲಿ ಅಡಗಿ ಕೂತಿರುತ್ತವೆಯೋ ಹೇಳಲಾಗದು.

ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ಬರುತ್ತವೆ. ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು ಉದ್ದವಾಗುತ್ತವೆ. ಹಳ್ಳಿಯ ಹೆಸರೇ ಅಲ್ಲಿ ಕುಲನಾಮವಾಗಿ ಕುಳಿತುಬಿಡುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ "ಎಫ್ಎನ್‌ಯು" ಎಂದು ಬರೆದಿರುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಎಂಬ ಅರ್ಥದಲ್ಲಿ. ಹಾಗಾದಾಗ ಅವರ ನಿಜವಾದ ಹೆಸರು ಕೊನೆಯ ಹೆಸರಾಗಿರುತ್ತದೆ. ಅದರ ಮೇಲೆ ಲಕ್ಷ್ಮಿಗೆ ಕೊನೆಯಲ್ಲಿ ಐ ಅಕ್ಷರವೋ ವೈ ಅಕ್ಷರವೋ, ಗೌಡದಲ್ಲಿ ಓಡಬ್ಲ್ಯುವೋ ಎಯುವೋ ಎಂಬ ಜಗಳ ಬೇರೆ. ಒಂದು ಕಾಗದದಲ್ಲಿ ನಾಲ್ಕೈದು ರೂಪಗಳನ್ನು ಬರೆದಿಟ್ಟುಕೊಂಡು, ಪ್ರತಿಯೊಂದನ್ನೂ ಗಂಡನ ಹೆಸರಿನಲ್ಲಿ ಒಮ್ಮೆ, ಹೆಂಡತಿಯ ಹೆಸರಿನಲ್ಲಿ ಒಮ್ಮೆ ಹುಡುಕಿ. ಹೆಂಡತಿಯ ಹೆಸರು ಮದುವೆಗೆ ಮುಂಚಿನದೇ ಆಗಿರಬಹುದು. ಡಿಕ್ರಿ ಸಿಕ್ಕಿದ ಮೇಲೆ ಅದರಲ್ಲಿರುವ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಆಗಲೇ ಗಮನಿಸಿ. ಊರಿಗೆ ಬಂದ ಮೇಲೆ ತಿಳಿದರೆ ಅಫಿಡವಿಟ್ಟು, ನೋಟರಿ ಎಂದು ಅಲೆದಾಟ ಶುರುವಾಗುತ್ತದೆ.

ತರಿಸುವ ದಾರಿಗಳು

ಖುದ್ದಾಗಿ ಕೌಂಟರಿಗೆ ಹೋಗುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕ್ಲರ್ಕ್ ತೆರೆಯ ಮೇಲೆ ತೋರಿಸುತ್ತಾರೆ, ಯಾವ ತೀರ್ಪು ಬೇಕೆಂದು ನೀವೇ ಗುರುತಿಸಬಹುದು, ಹಳೆಯ ಕಡತವಾಗಿ ಬೇರೆ ಗೋದಾಮಿನಲ್ಲಿ ಇಲ್ಲದಿದ್ದರೆ ಸಾಮಾನ್ಯವಾಗಿ ಅಂದೇ ಕೈಗೆ ಸಿಗುತ್ತದೆ. ಟೆಕ್ಸಾಸ್, ಕ್ಯಾಲಿಫೋರ್ನಿಯಗಳಲ್ಲಿ ಮೊಹರು ಮಾಡಿ ಮುಚ್ಚಿಡದ ಡಿಕ್ರಿ ಸಾರ್ವಜನಿಕ ದಾಖಲೆಯಾದ್ದರಿಂದ ನಿಮ್ಮ ಪರವಾಗಿ ಸ್ನೇಹಿತರೊಬ್ಬರು ಹೋಗಿ ತರಬಹುದು. ನೀವು ಊರಿನಲ್ಲಿದ್ದರೆ ಇದೇ ಸುಲಭ. ನನ್ನ ತಂಗಿಗೂ ಫ್ರಿಸ್ಕೋದಲ್ಲಿದ್ದ ಗೆಳತಿಯೊಬ್ಬಳು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೋಗಿ ತಂದುಕೊಟ್ಟಳು.

ನ್ಯೂಯಾರ್ಕ್‌ನಲ್ಲಿ ಆ ಸೌಲಭ್ಯವಿಲ್ಲ. ಅಲ್ಲಿ ಹಿಂದೆ ನಿಮ್ಮ ಪ್ರಕರಣ ನಡೆಸಿದ ವಕೀಲರಿಗೆ ಇಮೇಲ್ ಮಾಡಿ. ಕಡತ ನೋಡುವ ಹಕ್ಕು ಅವರಿಗೆ ಕಾನೂನಿನಲ್ಲೇ ಇದೆ. ಬೇರೆಯವರನ್ನು ಕಳಿಸುವುದಾದರೆ ನೋಟರಿ ಮುಂದೆ ಸಹಿ ಮಾಡಿದ ಅನುಮತಿ ಪತ್ರದ ಬಗ್ಗೆ ಆ ಕೌಂಟಿಯ ಕ್ಲರ್ಕ್ ಅನ್ನು ಮೊದಲೇ ವಿಚಾರಿಸಿ.

ಅಂಚೆ ಅಗ್ಗ, ಆದರೆ ನಿಧಾನ. ಭಾರತದಿಂದ ಬರೆಯುವವರಿಗೆ ಅದರಲ್ಲಿ ಹಣ ಕಟ್ಟುವುದೇ ದೊಡ್ಡ ಕಷ್ಟ. ಬಹುತೇಕ ಕಚೇರಿಗಳು ಕೇಳುವುದು ಅಮೆರಿಕದ ಬ್ಯಾಂಕಿನ ಚೆಕ್ ಅಥವಾ ಮನಿ ಆರ್ಡರ್. ಅಲ್ಲಿರುವ ಬಂಧುಗಳಿಂದ ಚೆಕ್ ಬರೆಸಿ, ಅವರ ವಿಳಾಸವಿರುವ, ಅಂಚೆಚೀಟಿ ಹಚ್ಚಿದ ಲಕೋಟೆಯನ್ನು ಜೊತೆಗಿಟ್ಟರೆ ಕೆಲಸ ಸಾಗುತ್ತದೆ. ಪತ್ರದಲ್ಲಿ "ದೃಢೀಕೃತ" ಎಂಬ ಅರ್ಥದ "ಸರ್ಟಿಫೈಡ್" ಎಂಬ ಇಂಗ್ಲಿಷ್ ಪದವನ್ನು ಬರೆಯುವುದನ್ನು ಮರೆಯಬೇಡಿ; ಬರೆಯದಿದ್ದರೆ ಮೊಹರಿಲ್ಲದ ನಕಲು ಬರುತ್ತದೆ.

ಅಂತರ್ಜಾಲದ ವ್ಯವಸ್ಥೆ ಕೌಂಟಿಯಿಂದ ಕೌಂಟಿಗೆ ಬೇರೆ. ಕೆಲವು ಕಡೆ ಕಾರ್ಡಿನಿಂದ ಹಣ ಕಟ್ಟಿ ಪ್ರತಿ ತರಿಸಬಹುದು. ಕ್ಯಾಲಿಫೋರ್ನಿಯದ ಕೋರ್ಟ್ ನಿಯಮದಲ್ಲಿ ಕುಟುಂಬ ಪ್ರಕರಣಗಳ ಕಾಗದಗಳನ್ನು ಸಾರ್ವಜನಿಕರು ಮನೆಯಿಂದ ನೋಡುವಂತಿಲ್ಲ. ಪ್ರಕರಣ ಇದೆಯೇ ಎಂಬುದನ್ನು ತಿಳಿಯಬಹುದು, ಕಾಗದ ನೋಡಲು ಕೋರ್ಟಿನ ಕಟ್ಟಡದೊಳಗೇ ಹೋಗಬೇಕು.

ಇನ್ನು "ಯಾರ ವಿಚ್ಛೇದನವನ್ನಾದರೂ ತಕ್ಷಣ ಹುಡುಕಿ" ಎಂದು ಕರೆಯುವ ಖಾಸಗಿ ತಾಣಗಳಿವೆ. ಪರಿಚಿತರೊಬ್ಬರು ಅಂಥ ಒಂದಕ್ಕೆ ಮೂರು ತಿಂಗಳು ಚಂದಾ ಕಟ್ಟಿದರು. ಸಿಕ್ಕಿದ್ದು ಹಳೆಯ ವಿಳಾಸಗಳು, ಯಾರದೋ ಫೋನ್ ನಂಬರು. ಈ ತಾಣಗಳು ಕೋರ್ಟಿನ ಮೊಹರು ಕೊಡಲಾರವು. ದಯವಿಟ್ಟು ಹಣ ಕಳೆದುಕೊಳ್ಳಬೇಡಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯ ಜಾಲತಾಣದಲ್ಲಿ ಪ್ರತಿ ರಾಜ್ಯದಲ್ಲೂ ಜನನ, ಮರಣ, ಮದುವೆ, ವಿಚ್ಛೇದನದ ದಾಖಲೆಗೆ ಎಲ್ಲಿ ಬರೆಯಬೇಕೆಂಬ ಪಟ್ಟಿ ಉಚಿತವಾಗಿಯೇ ಇದೆ.

ಸಂಬಂಧ ಕುದುರಿಸುವ ಮುನ್ನ ಪರಿಶೀಲಿಸುವವರಿಗೆ

"ಹುಡುಗನಿಗೆ ಅಮೆರಿಕದಲ್ಲಿ ಡೈವರ್ಸ್ ಆಗಿದೆಯಂತೆ, ನಿಜವೇ ನೋಡಿಕೊಡು" ಎಂದು ತಂದೆತಾಯಂದಿರು ಕೇಳುತ್ತಾರೆ. ಆತಂಕ ಸಹಜ. ಅಂಥವರಿಗೆ ನಾನು ಹೇಳುವುದು ಇಷ್ಟು: ಗುಟ್ಟಾಗಿ ಹುಡುಕಬೇಡಿ, ಹುಡುಗನನ್ನೇ ದೃಢೀಕೃತ ಡಿಕ್ರಿ ಕೇಳಿ. ನಿಜವಾಗಿ ಬೇರೆಯಾದವರಿಗೆ ಅದನ್ನು ತರಿಸಿಕೊಡುವುದು ಕಷ್ಟವಲ್ಲ. ಕೈಗೆ ಬಂದ ಮೇಲೆ ಪ್ರಕರಣದ ಸಂಖ್ಯೆ ಹಿಡಿದು ಕ್ಲರ್ಕ್ ಕಚೇರಿಯಲ್ಲಿ ತಾಳೆ ನೋಡಿಸಿ. ಒಂದು ಕೌಂಟಿಯಲ್ಲಿ ಹೆಸರು ಸಿಗಲಿಲ್ಲವೆಂದರೆ ವಿಚ್ಛೇದನವೇ ಆಗಿಲ್ಲ ಎಂದಾಗುವುದಿಲ್ಲ. ಇಡೀ ದೇಶಕ್ಕೆ ಒಂದೇ ಪಟ್ಟಿ ಎಂಬುದು ಅಲ್ಲಿ ಇಲ್ಲ.

ಊರಿನಲ್ಲಿ ಉಳಿದ ಹೆಂಡತಿಗೆ ಇಡೀ ಕಡತ ಬೇಕು

ಗಂಡ ಅಮೆರಿಕದಲ್ಲಿ, ಹೆಂಡತಿ ಹಾಸನದಲ್ಲೋ ಧಾರವಾಡದಲ್ಲೋ. ಒಂದು ದಿನ ವಾಟ್ಸ್ಆ್ಯಪ್‌ನಲ್ಲಿ ಡಿಕ್ರಿಯ ಫೋಟೋ ಬರುತ್ತದೆ. ಇಂಥ ಹೆಣ್ಣುಮಕ್ಕಳು ಡಿಕ್ರಿಯೊಂದನ್ನೇ ತರಿಸಿದರೆ ಸಾಲದು. ಇಡೀ ಕಡತವನ್ನು, ಅದರಲ್ಲೂ ಸಮನ್ಸ್ ಜಾರಿಯಾದ ದಾಖಲೆಯನ್ನು ತರಿಸಬೇಕು. ಕ್ಯಾಲಿಫೋರ್ನಿಯದಲ್ಲಿ ಆ ನಮೂನೆ ಎಫ್ಎಲ್-115. ಯಾವ ದಿನ, ಯಾವ ವಿಳಾಸಕ್ಕೆ, ಯಾವ ರೀತಿಯಲ್ಲಿ ಸಮನ್ಸ್ ಮುಟ್ಟಿಸಿದೆವೆಂದು ಕೋರ್ಟಿಗೆ ಹೇಳಿದ್ದಾರೆ ಎಂಬುದು ಅದರಲ್ಲಿರುತ್ತದೆ. ವಿದೇಶಗಳ ನಡುವೆ ಸಮನ್ಸ್ ತಲುಪಿಸುವ ಹೇಗ್ ಒಪ್ಪಂದಕ್ಕೆ ಭಾರತ 2007ರಿಂದ ಬದ್ಧ. ಅಂಚೆಯಲ್ಲಿ ನೇರವಾಗಿ ಕಳಿಸುವುದಕ್ಕೆ ನಮ್ಮ ಸರ್ಕಾರ ಆಕ್ಷೇಪ ದಾಖಲಿಸಿದೆ. ಕೇಂದ್ರ ಕಾನೂನು ಸಚಿವಾಲಯದ ಮೂಲಕ ಬರಬೇಕಾದ ಸಮನ್ಸ್ ಬರಿಯ ಅಂಚೆಯಲ್ಲಿ ಬಂದಿದ್ದರೆ, ಅಥವಾ ಬಂದೇ ಇಲ್ಲದಿದ್ದರೆ, ನಿಮ್ಮ ವಕೀಲರಿಗೆ ಆ ಒಂದು ಹಾಳೆ ಬಹಳ ಬೆಲೆಯುಳ್ಳದ್ದು.

ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಸೆಕ್ಷನ್ ವಿದೇಶಿ ತೀರ್ಪನ್ನು ಕಣ್ಣುಮುಚ್ಚಿ ಒಪ್ಪುವುದಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟ್ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಕೌಂಟಿಯ ವಿಚ್ಛೇದನವೊಂದನ್ನು ಪರಿಶೀಲಿಸಿ, ಇಬ್ಬರೂ ಮದುವೆಯಾದ ಕಾನೂನು ಒಪ್ಪುವ ಆಧಾರದ ಮೇಲೆ ತೀರ್ಪು ಬಂದಿರಬೇಕು, ಎದುರು ಪಕ್ಷದವರು ಆ ಕೋರ್ಟಿನ ಅಧಿಕಾರಕ್ಕೆ ಮನಃಪೂರ್ವಕವಾಗಿ ಒಪ್ಪಿರಬೇಕು ಎಂಬ ಅರ್ಥದ ನಿಯಮಗಳನ್ನು ಹೇಳಿತು. ಅದೇ ಪ್ರಕರಣದಲ್ಲಿ ನಕಲಿನ ಪ್ರಶ್ನೆಯೂ ಬಂತು. ಅಲ್ಲಿನ ಡೆಪ್ಯುಟಿ ಕ್ಲರ್ಕ್ ದೃಢೀಕರಿಸಿದ ಪ್ರತಿಯೇ ಅದಾಗಿತ್ತು. ಆದರೂ ಅಮೆರಿಕದಲ್ಲಿರುವ ಭಾರತ ಸರ್ಕಾರದ ಪ್ರತಿನಿಧಿಯ ದೃಢೀಕರಣ ಇಲ್ಲವೆಂದು ಅದನ್ನು ಸಾಕ್ಷ್ಯವಾಗಿ ಸ್ವೀಕರಿಸಲಿಲ್ಲ. ಕೋರ್ಟಿಗೆ ಒಪ್ಪಿಸುವ ಪ್ರತಿಯಾದರೆ ಯಾರ ಯಾರ ಮೊಹರು ಬೇಕೆಂದು ವಕೀಲರನ್ನು ಮೊದಲೇ ಕೇಳಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ. ಈ ಹೆಣ್ಣುಮಕ್ಕಳು ನೆನಪಿಡಬೇಕಾದ ಮಾತು ಇನ್ನೊಂದಿದೆ: ಪ್ರಕರಣದಲ್ಲಿ ನೀವು ಪ್ರತಿವಾದಿ, ಆದ್ದರಿಂದ ನ್ಯೂಯಾರ್ಕ್‌ನ ಮುಚ್ಚಿದ ಕಡತವನ್ನು ಕೇಳುವ ಹಕ್ಕೂ ನಿಮಗಿದೆ.

ಅಪೊಸ್ಟಿಲ್

ಭಾರತದ ಕಚೇರಿಗಳಲ್ಲಿ ತೋರಿಸುವ ಡಿಕ್ರಿಗೆ ಅಪೊಸ್ಟಿಲ್ ಹಾಕಿಸಿ, ಅಂದರೆ ಕಾಗದದ ಮೇಲಿನ ಸಹಿ, ಮೊಹರು ನಿಜವೆಂದು ಹೊರದೇಶದವರಿಗೆ ಹೇಳುವ ದೃಢೀಕರಣ ಹಾಳೆ. ಇದನ್ನು ಪರಸ್ಪರ ಮಾನ್ಯ ಮಾಡುವ ದೇಶಗಳ ಒಪ್ಪಂದದಲ್ಲಿ 2005ರಿಂದ ಭಾರತವೂ ಇದೆ. ಇದನ್ನು ಹಾಕುವುದು ಡಿಕ್ರಿ ಕೊಟ್ಟ ರಾಜ್ಯವೇ: ಟೆಕ್ಸಾಸ್‌ನದು ಆಸ್ಟಿನ್‌ನಲ್ಲಿ, ಕ್ಯಾಲಿಫೋರ್ನಿಯದ್ದು ಸ್ಯಾಕ್ರಮೆಂಟೊದಲ್ಲಿ, ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ. ಟೆಕ್ಸಾಸ್ ಕಾಗದವನ್ನು ಕ್ಯಾಲಿಫೋರ್ನಿಯಕ್ಕೆ ಕಳಿಸಿದರೆ ವಾಪಸು ಬರುತ್ತದೆ. ಜೆರಾಕ್ಸ್ ಪ್ರತಿಗೆ ನೋಟರಿ ಸಹಿ ಹಾಕಿಸಿ ಅದರ ಮೇಲೆ ಅಪೊಸ್ಟಿಲ್ ತರುವ ಅಡ್ಡದಾರಿ ಬೇಡ. ಆಗ ಅಪೊಸ್ಟಿಲ್ ಹೇಳುವುದು ನೋಟರಿಯ ಸಹಿ ನಿಜ ಎಂದಷ್ಟೇ, ಡಿಕ್ರಿ ನಿಜ ಎಂದಲ್ಲ. ಕ್ಲರ್ಕ್ ಮೊಹರಿರುವ ಪ್ರತಿಯನ್ನೇ ಕಳಿಸಿ. ಒಂದೇ ಸಲ ಮೂರು ಪ್ರತಿ ಮಾಡಿಸಿಕೊಂಡರೆ ಒಳ್ಳೆಯದು, ಏಕೆಂದರೆ ಕೆಲವು ಕಚೇರಿಗಳು ಕೊಟ್ಟ ಪ್ರತಿಯನ್ನು ಹಿಂದಿರುಗಿಸುವುದಿಲ್ಲ.

ತಂಗಿಯ ಡಿಕ್ರಿ ಕೊನೆಗೆ ಬಂದಾಗ ಅದು 31 ಪುಟಗಳಿತ್ತು. ಕೊನೆಯ ಪುಟದಲ್ಲಿ ಬೆರಳಾಡಿಸಿದರೆ ತಿಳಿಯುವ ಉಬ್ಬು ಮೊಹರು, ಮೇಲೆ ಅಪೊಸ್ಟಿಲ್ ಹಾಳೆ, ಎಲ್ಲಕ್ಕೂ ಸೇರಿ ಎಡಮೂಲೆಯಲ್ಲಿ ಒಂದು ದಪ್ಪ ಪಿನ್ನು. ಜೆರಾಕ್ಸ್ ಅಂಗಡಿಯ ಹುಡುಗ ಆ ಪಿನ್ನನ್ನು ಕೀಳಲು ಉಗುರು ಹಾಕಿದ್ದ. ಅವಳು ಓಡಿಹೋಗಿ ತಡೆದಳು. ಪಿನ್ನು ಬಿಚ್ಚಿದ ಗುರುತು ಕಂಡರೆ ಅಪೊಸ್ಟಿಲ್ ಬೇರೆ ಕಾಗದದ್ದು ಎಂಬ ಅನುಮಾನ ಬಂದು ಪ್ರತಿಯನ್ನು ತಿರಸ್ಕರಿಸಬಹುದು. ಹಾಳೆಗಳನ್ನು ಒಂದೊಂದಾಗಿ ಮಡಚಿ, ಪಿನ್ನು ಹಾಗೆಯೇ ಇಟ್ಟುಕೊಂಡು ನಕಲು ತೆಗೆಸಿ.